ಗೈರಾಣದ ಮುತ್ತಲ ಮೋಟುಗಳು

ನಮ್ಮೂರಿನ ಗೈರಾಣಕ್ಕೆ, ಅಂದರೆ ದನ ಮೇಯುವ ಊರ ನೆಲಕ್ಕೆ, ಹೋಗಬೇಕೆಂದರೆ ಮೊದಲು ತೊಗರಿ ಹೊಲಗಳನ್ನು ದಾಟಬೇಕು. ಹೊಲ ಮುಗಿಯುವವರೆಗೂ ಕಪ್ಪು ಎರೆ ಮಣ್ಣು. ಮಳೆಗಾಲದಲ್ಲಿ ಚಪ್ಪಲಿಗೆ ಮೆತ್ತಿಕೊಂಡರೆ ಕಾಲು ಎತ್ತುವುದೇ ಕಷ್ಟ. ಆಮೇಲೆ ಒಂದು ಸಣ್ಣ ದಿಬ್ಬ ಬರುತ್ತದೆ. ಅದನ್ನು ಹತ್ತಿದರೆ ನೆಲದ ಬಣ್ಣವೇ ಬದಲು. ಕೆಂಪು ಮುರುಮು, ಅಲ್ಲಲ್ಲಿ ತೂತು ತೂತಾದ ಜಂಬಿಟ್ಟಿಗೆ ಕಲ್ಲು, ಅದರ ಮೇಲೆ ಹುಲ್ಲು. ಚಿಟಗುಪ್ಪ, ಹುಮನಾಬಾದ್ ಕಡೆ ಓಡಾಡಿದವರಿಗೆ ಈ ನೆಲ ಗೊತ್ತು. ಬೀದರ್ ಕೋಟೆಯ ಕಂದಕ ಕೊರೆದದ್ದೂ ಇದೇ ಕಲ್ಲಿನಲ್ಲಿ.

ಹಳೇ ಮೈಸೂರಿನ ಕಡೆ ಗೋಮಾಳ ಅನ್ನುವುದಕ್ಕೆ ನಮ್ಮಲ್ಲಿ ಗೈರಾಣ ಅನ್ನುತ್ತಾರೆ. ನಮ್ಮೂರಿನದು 40 ಎಕರೆ ಚಿಲ್ಲರೆ ಉಳಿದಿದೆ. ನಾನು ಸಣ್ಣವನಿದ್ದಾಗ ಬೆಳಿಗ್ಗೆ ಊರ ದನವೆಲ್ಲ ಅಗಸಿ ಮುಂದೆ ಸೇರಿ ಅಲ್ಲಿಗೆ ಹೋಗುತ್ತಿದ್ದವು. ಹೆಚ್ಚಿನವು ದೇವಣಿ ತಳಿ. ಮೈಯೆಲ್ಲ ಬಿಳಿ, ಮುಖ ಮಾತ್ರ ಕಪ್ಪು ಇರುವ ವಾನೇರಾ ಆಕಳು ನಮ್ಮ ಮನೆಯಲ್ಲೂ ಒಂದಿತ್ತು. ಈಗ ದನ ಕಡಿಮೆಯಾಗಿವೆ. ಕುರಿ, ಆಡು ಇವೆ. ಗೈರಾಣ ಈಗ ಅವುಗಳದ್ದು.

2022ರ ಜುಲೈನಲ್ಲಿ ಆ ಗೈರಾಣದ ಐದು ಎಕರೆಯಲ್ಲಿ ನಾವು ಗಿಡ ಹಚ್ಚಿದೆವು. ನಾವು ಅಂದರೆ ಊರಿನ ಹತ್ತು ಹನ್ನೆರಡು ಹುಡುಗರು, ಜೊತೆಗೆ ಬೀದರಿನಲ್ಲಿ ಕೆಲಸ ಮಾಡಿಕೊಂಡು ಭಾನುವಾರ ಊರಿಗೆ ಬರುವ ನನ್ನಂಥ ನಾಲ್ಕೈದು ಜನ. ದುಡ್ಡು ಕೊಟ್ಟದ್ದು ಒಂದು ಕಂಪನಿ. ಹೊರಗಿನ ಗಿಡ ಬೇಡ, ನಮ್ಮ ನೆಲದ ಗಿಡಗಳನ್ನೇ ಹಚ್ಚೋಣ ಎಂದು ನಾವೇ ಹಟ ಹಿಡಿದಿದ್ದೆವು. ಬೇವು, ಹೊಂಗೆ, ಬನ್ನಿ, ಅತ್ತಿ, ಪತ್ರಿ, ಕಕ್ಕೆ ತರಿಸಿದೆವು. ಎಲ್ಲ ಸೇರಿ 2,200 ಸಸಿ. ಹತ್ತಡಿಗೊಂದು ತಗ್ಗು. ಮುರುಮು ಸಲಿಕೆಗೆ ಬಗ್ಗುವುದಿಲ್ಲ, ಅದಕ್ಕೆ ಜೆಸಿಬಿ ಬಂತು. ಸುತ್ತ ತಂತಿ ಬೇಲಿ ಎದ್ದಿತು. ಸಂಜೆ ಹೊತ್ತಿಗೆ ಸಾಲು ಸಾಲಾಗಿ ಸಸಿ ನಿಂತದ್ದನ್ನು ನೋಡಿ ನನಗೆ ಆದ ಸಂತೋಷ ಇವತ್ತಿಗೂ ನೆನಪಿದೆ.

ಅವತ್ತೇ ಕುರಿಗಾರ ಕಾಕಾ ಬೇಲಿಯ ಆಚೆ ಕೋಲಿಗೆ ಗದ್ದ ಊರಿ ನಿಂತಿದ್ದರು. ನನ್ನ ಅಪ್ಪನ ಓರಿಗೆಯವರು. ಹುಟ್ಟಿದಾಗಿನಿಂದ ಈ ಗೈರಾಣದಲ್ಲೇ ಕುರಿ ಕಾದವರು. "ತಮ್ಮಾ, ಗಿಡ ಹಚ್ಚಲಕತ್ತೀರಿ, ಛಲೋ ಆತು," ಅಂದರು. "ಖರೆ, ಹುಲ್ಲಿನ ಮ್ಯಾಲೆ ಯಾಕ ಹಚ್ಚಲಕತ್ತೀರಿ?"

ಆ ಪ್ರಶ್ನೆ ನನಗೆ ಅರ್ಥವೇ ಆಗಲಿಲ್ಲ. ಹುಲ್ಲಿರುವ ಜಾಗ ಅಂದರೆ ಖಾಲಿ ಜಾಗ, ಅಲ್ವಾ? ಖಾಲಿ ಜಾಗದಲ್ಲಿ ಅಲ್ಲದೆ ಮತ್ತೆಲ್ಲಿ ಗಿಡ ಹಚ್ಚುತ್ತಾರೆ? "ನಾಲ್ಕು ವರ್ಷ ತಡೀರಿ ಕಾಕಾ, ನಿಮ್ಮ ಕುರಿಗೇ ನೆರಳಾಗುತ್ತದೆ," ಅಂದೆ. ಅವರು ಮುಂದೆ ಮಾತಾಡಲಿಲ್ಲ. ಕುರಿ ಹೊಡೆದುಕೊಂಡು ಬೇಲಿ ಸುತ್ತಿ ಹೋದರು.

ಮೊದಲ ಬೇಸಿಗೆಯಲ್ಲಿ ಟ್ಯಾಂಕರ್‌ನಿಂದ ನೀರು ಹಾಕಿಸಿದೆವು. ಎರಡನೇ ಬೇಸಿಗೆಗೆ ದುಡ್ಡು ಮುಗಿದಿತ್ತು. 2024ರ ಏಪ್ರಿಲ್‌ನ ಒಂದು ರಾತ್ರಿ ಯಾರೋ ತಂತಿ ಕತ್ತರಿಸಿದರು. ಬೆಳಗಾಗುವ ಹೊತ್ತಿಗೆ ಕುರಿ, ಆಡು ಒಳಗೆ ನುಗ್ಗಿದ್ದವು. ನನಗೆ ಮೈಯೆಲ್ಲ ಉರಿದುಹೋಯಿತು. ಊರಿಗೆ ಬಂದವನೇ ಕಾಕಾನ ಮನೆ ಮುಂದೆ ನಿಂತು ಬಾಯಿಗೆ ಬಂದದ್ದು ಅಂದುಬಿಟ್ಟೆ. ಅವರು ಹೊಟ್ಟೆಗೆ ಹಾಕಿಕೊಂಡರು. ಕತ್ತರಿಸಿದ್ದು ಅವರಲ್ಲ ಎಂದು ಆಮೇಲೆ ಗೊತ್ತಾಯಿತು. ಹೋಗಿ ಕ್ಷಮೆ ಕೇಳಿದೆ. ಆದರೂ ಆ ದಿನದ ನನ್ನ ಮಾತು ನೆನಪಾದರೆ ಈಗಲೂ ಮುಖ ತಗ್ಗುತ್ತದೆ.

ಆ ವರ್ಷದ ಮಿರಗ ಮಳೆ ಬಿದ್ದ ಮೇಲೆ ಒಂದು ಭಾನುವಾರ ಕೂತು ಎಣಿಸಿದೆ. ಉಳಿದದ್ದು 312. ಒಂದೊಂದಕ್ಕೂ ಸುಣ್ಣದ ಗುರುತು ಹಾಕುತ್ತಾ ಹೋದೆ. ಕೊನೆಗೆ ದಿಬ್ಬದ ಮೇಲೆ ನಿಂತು ನೋಡಿದರೆ ಗುರುತುಗಳು ಬಹುಪಾಲು ಒಂದೇ ಕಡೆ ಗುಂಪಾಗಿದ್ದವು. ಹಳ್ಳದ ಅಂಚಿನಲ್ಲಿ, ಕೆಂಪು ನೆಲ ಮುಗಿದು ಕಪ್ಪು ನೆಲ ಶುರುವಾಗುವ ಸೆರಗಿನಲ್ಲಿ. ಮೇಲಿನ ಬಯಲಿನಲ್ಲಿ ಎಪ್ಪತ್ತೂ ಇರಲಿಲ್ಲ. ಕುರಿ ಮೇಯ್ದದ್ದು ಎರಡೂ ಕಡೆ. ಟ್ಯಾಂಕರ್ ನೀರು ಬಿದ್ದದ್ದೂ ಎರಡೂ ಕಡೆ. ಹಾಗಾದರೆ ಈ ಅಂಚಿನಲ್ಲಿ ಏನಿದೆ?

ಬೀದರಿನವರಾದ ನಮಗೆ ಇದರ ಉತ್ತರ ಕಣ್ಣೆದುರೇ ಇದೆ. ಜಂಬಿಟ್ಟಿಗೆ ಕಲ್ಲು ಸ್ಪಂಜಿನ ಹಾಗೆ. ಮಳೆ ನೀರು ಅದರ ತೂತುಗಳಲ್ಲಿ ಇಳಿದು ಕೆಳಗೆ ಹೋಗುತ್ತದೆ. ಕೆಳಗಿರುವ ಕಪ್ಪು ಬಂಡೆ, ಅದರ ಮೇಲಿನ ಜೇಡಿ ಪದರ ನೀರನ್ನು ಸುಲಭಕ್ಕೆ ಒಳಗೆ ಬಿಡುವುದಿಲ್ಲ. ನೀರು ಅಡ್ಡಡ್ಡ ಹರಿದು ದಿಬ್ಬದ ಅಂಚಿನಲ್ಲಿ ಹೊರಗೆ ಬರುತ್ತದೆ. ನಾನಕ್ ಝೀರಾದ ಬುಗ್ಗೆ ಹುಟ್ಟಿದ್ದು ಹಾಗೆ. ನರಸಿಂಹ ಝರಣಿಯ ಗುಹೆಯಲ್ಲಿ ಎದೆಮಟ್ಟ ನೀರಲ್ಲಿ ನಡೆದು ದೇವರ ದರ್ಶನ ಮಾಡುತ್ತೇವಲ್ಲ, ಅದೂ ಇದೇ ಕಲ್ಲು ಹಿಡಿದಿಟ್ಟ ನೀರು. ಬಹಮನಿ ಕಾಲದವರು ಇದನ್ನು ಚೆನ್ನಾಗಿ ಬಲ್ಲವರು. ನೌಬಾದಿನ ಕರೇಜ್ ಹೋಗಿ ನೋಡಿ. ನೆಲದಡಿ ಸುರಂಗ ಕೊರೆದು, ಸಾಲಾಗಿ ಬಾವಿಯಂಥ ಕಿಂಡಿ ಬಿಟ್ಟು, ಈ ನೀರನ್ನು ಮೈಲುಗಟ್ಟಲೆ ನಡೆಸಿಕೊಂಡು ಹೋಗಿದ್ದಾರೆ.

ಬಯಲಿನ ಮೇಲೆ ಬಿದ್ದ ಮಳೆ ಅಲ್ಲಿ ನಿಲ್ಲುವುದಿಲ್ಲ. ಒಂದು ಗೇಣು ಮಣ್ಣು, ಅದರ ಕೆಳಗೆ ಕಲ್ಲಿನ ಹಾಸು. ಬೀದರಿನಲ್ಲಿ ವರ್ಷಕ್ಕೆ ಸುಮಾರು 850 ಮಿ.ಮೀ. ಮಳೆಯಾಗುತ್ತದೆ. ಕೇಳಲು ಕಡಿಮೆಯಲ್ಲ. ಆದರೆ ಹೆಚ್ಚುಕಡಿಮೆ ಎಲ್ಲವೂ ನಾಲ್ಕು ತಿಂಗಳಲ್ಲಿ ಬಂದು ಮುಗಿಯುತ್ತದೆ. ಉಳಿದ ಎಂಟು ತಿಂಗಳು ಆ ಒಂದು ಗೇಣು ಮಣ್ಣಿನಲ್ಲಿ ಬದುಕಬೇಕು. ಹುಲ್ಲು ಬದುಕುತ್ತದೆ. ಮಳೆ ಬಂದಾಗ ಎದ್ದು, ಬೀಜ ಬಿಟ್ಟು, ಒಣಗಿ, ಬೇರಿನಲ್ಲಿ ಜೀವ ಇಟ್ಟುಕೊಂಡು ಕೂರುತ್ತದೆ. ಪಾಲಿಥೀನ್ ಚೀಲದಲ್ಲಿ ಬೆಳೆದು, ತಾಯಿಬೇರು ಸುರುಳಿ ಸುತ್ತಿಕೊಂಡ ಬೇವಿನ ಸಸಿಗೆ ಅದು ಆಗುವ ಮಾತಲ್ಲ. ಗಿಡಗಳೇನೋ ನಮ್ಮವೇ. ನಾವು ಅವನ್ನು ನಿಲ್ಲಿಸಿದ ಜಾಗ ಅವುಗಳದ್ದಾಗಿರಲಿಲ್ಲ.

ಕಾಕಾ ಕೇಳಿದ್ದು ಇದನ್ನೇ.

ಅಲ್ಲಿಂದ ನಾನು ಹುಲ್ಲಿನ ಬಗ್ಗೆ ಓದಲು ಶುರು ಮಾಡಿದೆ. ನಮ್ಮ ದೇಶದ ಇಂಥ ಬಯಲುಗಳ ಬಗ್ಗೆ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ (ಎನ್‌ಸಿಬಿಎಸ್) ಮಹೇಶ್ ಶಂಕರನ್, ಜಯಶ್ರೀ ರತ್ನಂ ಮೊದಲಾದವರು ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಅವರು ಹೇಳುವುದು ಸರಳ. ಹುಲ್ಲು, ನಡುವೆ ಅಲ್ಲೊಂದು ಇಲ್ಲೊಂದು ಗಿಡ ಇರುವ ನೆಲ ಕೆಟ್ಟುಹೋದ ಕಾಡಲ್ಲ. ಅದು ಬಹಳ ಹಳೆಯ, ತನ್ನದೇ ಆದ ಜೀವಲೋಕ. ಮೇಯುವ ಪ್ರಾಣಿ, ಬೆಂಕಿ, ಮಳೆಯ ಏರುಪೇರು ಇವುಗಳ ಜೊತೆಗೇ ಬೆಳೆದು ಬಂದದ್ದು.

ನಮ್ಮ ದಾಖಲೆಗಳು ಹಾಗೆ ಹೇಳುವುದಿಲ್ಲ. ಪಹಣಿಯಲ್ಲಿ ಬೇಸಾಯಕ್ಕೆ ಬಾರದ ನೆಲಕ್ಕೆ ಖರಾಬ್ ಅಂತ ಬರೆಯುತ್ತಾರೆ. ದೇಶದ ಬಂಜರು ಭೂಮಿ ನಕಾಶೆಯಲ್ಲಿ ಕುರುಚಲು ಗಿಡದ ಬಯಲುಗಳು ಬಂಜರು ಎಂದೇ ಸೇರಿವೆ. ಹೆಸರೇ ಖರಾಬ್ ಎಂದಾದ ಮೇಲೆ ಅದನ್ನು ಕಾಯಬೇಕು ಅಂತ ಯಾರಿಗೆ ಅನ್ನಿಸುತ್ತದೆ? ಯಾರಾದರೂ ಬಂದು ಏನಾದರೂ ಮಾಡಿದರೆ ಉದ್ಧಾರ ಮಾಡಿದ ಹಾಗೆ ಕಾಣುತ್ತದೆ. ನನಗೂ ಹಾಗೇ ಕಂಡಿತ್ತು.

ಇನ್ನು ಇಂಗಾಲದ ಮಾತು. ಗಿಡ ಹಚ್ಚಲು ದುಡ್ಡು ಬಂದದ್ದೇ ಅದರ ಹೆಸರಿನಲ್ಲಿ. ಗಿಡ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು ಕಟ್ಟಿಗೆಯಾಗಿ ಕೂಡಿಡುತ್ತದೆ. ಒಣ ಕಟ್ಟಿಗೆಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಇಂಗಾಲ. ಒಂದು ಕಿಲೋ ಇಂಗಾಲ ಅಂದರೆ ಗಾಳಿಯಿಂದ ತೆಗೆದ 3.67 ಕಿಲೋ ಡೈಆಕ್ಸೈಡ್. ಒಂದು ಟನ್ ಡೈಆಕ್ಸೈಡಿಗೆ ಒಂದು ಕಾರ್ಬನ್ ಕ್ರೆಡಿಟ್, ಅಂದರೆ ಹೊಗೆ ಬಿಡುವ ಕಂಪನಿಗಳು ಕೊಳ್ಳುವ ಒಂದು ಪತ್ರ. ಅಷ್ಟೇ ಲೆಕ್ಕ. ಇದನ್ನು ನಮ್ಮ ಐದು ಎಕರೆಗೆ ಹಾಕಿ ನೋಡಿದೆ. ಹಚ್ಚಿದ 2,200 ಸಸಿಯೂ ಬದುಕಿ, ಎಷ್ಟೋ ವರ್ಷಗಳ ನಂತರ ಒಂದೊಂದೂ ನೂರು ಕಿಲೋ ಒಣ ತೂಕಕ್ಕೆ ಬಂದರೆ ಸುಮಾರು 400 ಟನ್ ಡೈಆಕ್ಸೈಡ್. ಕಾಗದದ ಮೇಲೆ ಇದ್ದದ್ದು ಈ ಥರದ ಲೆಕ್ಕ. ಬದುಕಿದ 312ಕ್ಕೆ ಹಾಕಿದರೆ 57 ಟನ್.

ಈಗ ಅದೇ ಐದು ಎಕರೆಯ ಮಣ್ಣು ನೋಡಿ. ಮಣ್ಣು ಪರೀಕ್ಷೆಯ ಕಾರ್ಡಿನಲ್ಲಿ ಸಾವಯವ ಇಂಗಾಲ ಶೇ 0.5ಕ್ಕಿಂತ ಕೆಳಗಿದ್ದರೆ 'ಕಡಿಮೆ' ಅಂತ ಬರೆಯುತ್ತಾರೆ. ನಮ್ಮ ಗೈರಾಣದ್ದು ಬರೀ 0.5 ಎಂದೇ ಇಟ್ಟುಕೊಳ್ಳೋಣ. ಮೇಲಿನ ಒಂದು ಗೇಣು, ಅಂದರೆ ಮುಕ್ಕಾಲು ಅಡಿ ಮಣ್ಣನ್ನಷ್ಟೇ ಎಣಿಸೋಣ. ಒಂದು ಘನ ಮೀಟರ್ ಮಣ್ಣು 1.4 ಟನ್ ತೂಗುತ್ತದೆ ಎಂದುಕೊಂಡರೆ ಐದು ಎಕರೆಯ ಒಂದು ಗೇಣು ಮಣ್ಣು ಸುಮಾರು 6,500 ಟನ್ ಆಗುತ್ತದೆ. ಅದರಲ್ಲಿ ಇಂಗಾಲ 32 ಟನ್. ಡೈಆಕ್ಸೈಡ್ ಲೆಕ್ಕದಲ್ಲಿ ಸುಮಾರು 120 ಟನ್. ಇಷ್ಟನ್ನು ಹುಲ್ಲು ಯಾರ ದುಡ್ಡೂ ಇಲ್ಲದೆ, ಟ್ಯಾಂಕರ್ ನೀರಿಲ್ಲದೆ, ಪ್ರತಿವರ್ಷ ಬೇರು ಬಿಟ್ಟು ಬೇರು ಕೊಳೆಸಿ ನೆಲದಡಿ ಸೇರಿಸಿಟ್ಟಿದೆ. ಕುರಿ ಮೇಯ್ದರೂ ಅದು ಅಲ್ಲೇ ಇರುತ್ತದೆ. ಬೆಂಕಿ ಬಿದ್ದರೆ ಮೇಲಿನ ಹುಲ್ಲು ಸುಡುತ್ತದೆ, ಮಣ್ಣಿನೊಳಗಿನದು ಬಹುಪಾಲು ಹಾಗೇ ಉಳಿಯುತ್ತದೆ. ಆದರೆ ಮಣ್ಣು ಅಗೆದು ಗಾಳಿ ಬಿಸಿಲಿಗೆ ತೆರೆದಿಟ್ಟರೆ ಅದರಲ್ಲಿ ಸ್ವಲ್ಪ ಮತ್ತೆ ಗಾಳಿಗೆ ಹೋಗುತ್ತದೆ. ನಾವು ಜೆಸಿಬಿ ತಂದು ಮಾಡಿದ್ದು ಅದನ್ನೇ. ತಗ್ಗು ತೋಡಿದ ಜಾಗದಲ್ಲಿ ಇವತ್ತಿಗೂ ಹುಲ್ಲು ಸರಿಯಾಗಿ ಎದ್ದಿಲ್ಲ. ಸಾಲು ಸಾಲಾಗಿ ಬೋಳು ಕಲೆಗಳು. ಅವನ್ನು ನೋಡಿದಾಗಲೆಲ್ಲ ಸಂಕಟವಾಗುತ್ತದೆ.

ಹತ್ತಡಿಗೊಂದು ಗಿಡ ಎನ್ನುವ ಲೆಕ್ಕ ನಮ್ಮೊಬ್ಬರದೇ ಅಲ್ಲ. ಕೇಂದ್ರ ಸರ್ಕಾರ 2023ರ ಅಕ್ಟೋಬರಿನಲ್ಲಿ, ಗಿಡ ಬೆಳೆಸಿದವರಿಗೆ ಕ್ರೆಡಿಟ್ ಕೊಡುವ ಗ್ರೀನ್ ಕ್ರೆಡಿಟ್ ಯೋಜನೆ ತಂದಿತು. 2024ರ ಅದರ ನಿಯಮದಲ್ಲಿ ಹೆಕ್ಟೇರಿಗೆ ಕನಿಷ್ಠ 1,100 ಗಿಡ ಎಂದಿತ್ತು. ಅಂದರೆ ಎಕರೆಗೆ 445. ಅದು ಅರಣ್ಯ ಇಲಾಖೆಯ ಕೈಕೆಳಗಿನ ನೆಲಕ್ಕೆ ಮಾಡಿದ ನಿಯಮ, ಊರ ಗೈರಾಣಕ್ಕಲ್ಲ. 2025ರಲ್ಲಿ ಅದನ್ನು ಬದಲಿಸಿ, ಗಿಡ ಐದು ವರ್ಷ ಬದುಕಿರಬೇಕು, ಗಿಡಗಳ ರೆಂಬೆ, ಎಲೆ ಶೇ 40ರಷ್ಟು ನೆಲ ಮುಚ್ಚಿರಬೇಕು ಎಂದು ಮಾಡಿದರು. ಎಣಿಕೆ ಬಿಟ್ಟು ಬದುಕನ್ನು ನೋಡುತ್ತಿರುವುದು ಒಳ್ಳೆಯದೇ. ಆದರೆ ಶೇ 40 ನೆರಳಾದರೆ ನಮ್ಮಂಥ ನೆಲದಲ್ಲಿ ಹುಲ್ಲು ಎಲ್ಲಿ ಉಳಿಯುತ್ತದೆ? ಬಿಸಿಲಿಗೇ ಹುಟ್ಟಿದ ಹುಲ್ಲು ಇದು. 2019ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಇನ್ನೂ 90 ಕೋಟಿ ಹೆಕ್ಟೇರಿನಲ್ಲಿ ಗಿಡ ಬೆಳೆಸಲು ಜಾಗವಿದೆ, 20,500 ಕೋಟಿ ಟನ್ ಇಂಗಾಲ ಕೂಡಿಡಬಹುದು ಎಂದಿತ್ತು. ಅದರಲ್ಲಿ ಹುಲ್ಲುಗಾವಲುಗಳೂ ಸೇರಿವೆ ಎಂದು ಎಷ್ಟೋ ವಿಜ್ಞಾನಿಗಳು ಅದೇ ಪತ್ರಿಕೆಯಲ್ಲಿ ತಕರಾರು ಎತ್ತಿದರು. ಜಗತ್ತಿನ ನಕಾಶೆಯಲ್ಲಿ ಖಾಲಿ ಕಂಡ ಆ ಜಾಗಗಳಲ್ಲಿ ನಮ್ಮ ಕಾಕಾನಂಥವರ ಕುರಿಗಳೂ ಇವೆ.

ಕುರಿ ಮಾತ್ರ ಅಲ್ಲ. ನಮ್ಮ ಜಿಲ್ಲೆಯ ಬಯಲಿನಲ್ಲಿ ಇನ್ನೂ ಚಿಗರಿಗಳು, ಅಂದರೆ ಕೃಷ್ಣಮೃಗಗಳು, ಇವೆ. ಬೀದರ್ ಸುತ್ತಮುತ್ತ, ಹೊನ್ನಿಕೇರಿ ಕಡೆ ಬೆಳಗಿನ ಹೊತ್ತು ಹೋದರೆ ಕಾಣುತ್ತವೆ. ಕಪ್ಪು ಗಂಡು ಸುರುಳಿ ಕೊಂಬು ಎತ್ತಿ ನಿಂತಿರುತ್ತದೆ. ಚಿಗರಿಗೆ ದೂರದವರೆಗೆ ಕಾಣುವ ಬಯಲು ಬೇಕು. ಕಣ್ಣು ಮತ್ತು ಕಾಲು, ಎರಡೇ ಅದರ ಆಯುಧ. ದಟ್ಟ ಗಿಡ ಎದ್ದರೆ ಎರಡೂ ಕೆಲಸಕ್ಕೆ ಬರುವುದಿಲ್ಲ. ತೋಳವೂ ಇದೇ ಬಯಲಿನದು. ಕಾಕಾ ವರ್ಷಕ್ಕೆ ಒಂದೆರಡು ಮರಿ ಕಳೆದುಕೊಳ್ಳುತ್ತಾರೆ. ಬೈಯುತ್ತಾರೆ, ಆದರೆ ವಿಷ ಇಟ್ಟವರಲ್ಲ. ಚಳಿಗಾಲದಲ್ಲಿ ಹ್ಯಾರಿಯರ್ ಅನ್ನುವ ಬೇಟೆ ಹಕ್ಕಿಗಳು ಮಧ್ಯ ಏಷ್ಯಾದಿಂದ ಹಾರಿ ನಮ್ಮ ದಖ್ಖನದ ಬಯಲಿಗೆ ಬರುತ್ತವೆ. ರಾತ್ರಿ ಗಿಡದ ಮೇಲೆ ಕೂರುವುದಿಲ್ಲ, ಹುಲ್ಲಿನ ನಡುವೆ ನೆಲದ ಮೇಲೆ ಮಲಗುತ್ತವೆ. ಹಗಲು ಹೊಲದ ಮಿಡತೆ ತಿನ್ನುತ್ತವೆ.

ರಾಣೆಬೆನ್ನೂರಿನ ಕಥೆ ಇಲ್ಲಿ ಹೇಳಲೇಬೇಕು. ಅಲ್ಲಿ ಚಿಗರಿಗಳಿಗಾಗಿ 1974ರಲ್ಲಿ ಅಭಯಾರಣ್ಯ ಮಾಡಿದರು. ಆದರೆ ಅಲ್ಲಿನ ಹುಲ್ಲುನೆಲದ ಬಹುಭಾಗ ನೀಲಗಿರಿ ತೋಪಾಯಿತು. ಎರೆಭೂತ ಅನ್ನುವ ದೊಡ್ಡ ಹಕ್ಕಿ ಒಂದು ಕಾಲಕ್ಕೆ ಅಲ್ಲಿ ಓಡಾಡಿಕೊಂಡಿತ್ತು. ಈಗ ಇಲ್ಲ. 2017ರಲ್ಲಿ ನಮ್ಮ ರಾಜ್ಯ ಹೊಸದಾಗಿ ನೀಲಗಿರಿ ನೆಡುವುದನ್ನು ನಿಲ್ಲಿಸಿತು. ಹಾಗಂತ ನೀಲಗಿರಿ ಜಾಗದಲ್ಲಿ ಬೇವು ಇದ್ದಿದ್ದರೆ ಎರೆಭೂತ ಉಳಿಯುತ್ತಿತ್ತೇ? ಹತ್ತಡಿಗೊಂದು ಬೇವು ನಿಂತರೂ ಅದಕ್ಕೆ ಅದು ಗೋಡೆಯೇ.

ಇಷ್ಟು ಓದಿದ ಮೇಲೆ ಗಿಡ ಹಚ್ಚುವುದೇ ಬೇಡ ಅನ್ನಿಸಿಬಿಟ್ಟಿತ್ತು. ಕಾಕಾನಿಗೆ ಹಾಗೇ ಹೇಳಿದೆ. ಅವರು ಒಪ್ಪಲಿಲ್ಲ. "ಗಿಡ ಬ್ಯಾಡ ಅಂದೆನೇನು ನಾನು? ಬಾ ತೋರಸ್ತೀನಿ," ಎಂದು ಕರೆದುಕೊಂಡು ಹೋದರು.

ಅವರು ತೋರಿಸಿದ್ದು ಮೋಟುಗಳನ್ನು. ಹುಲ್ಲಿನ ನಡುವೆ, ಕಲ್ಲಿನ ಸಂದಿಯಲ್ಲಿ, ಒಂದು ಗೇಣು ಎತ್ತರದ ಪೊದೆಗಳು. ನಾನು ಅವನ್ನು ಕಂಟಿ ಅಂದುಕೊಂಡು ಎಷ್ಟೋ ಸಲ ದಾಟಿದ್ದೆ. ಬಗ್ಗಿ ನೋಡಿದರೆ ಮೂರು ಮೂರು ಎಲೆಯ ಮುತ್ತಲ, ಅಂದರೆ ಮುತ್ತುಗ. ಕಾಲಿನಿಂದ ಮಣ್ಣು ಸರಿಸಿದರು. ಕೆಳಗೆ ನನ್ನ ತೊಡೆಗಾತ್ರದ ಬೊಡ್ಡೆ. ಕಡಿದು ಕಡಿದು, ಆಡು ತಿಂದು ತಿಂದು, ಮೇಲಕ್ಕೆ ಏಳಲಾರದೆ ಕೂತಿದೆ. ಆದರೆ ಬೇರು ಸತ್ತಿಲ್ಲ. ಆ ಬೇರಿಗೆ ಕಲ್ಲಿನ ಬಿರುಕು ಎಲ್ಲಿದೆ, ನೀರು ಎಷ್ಟು ಆಳದಲ್ಲಿದೆ ಎಲ್ಲ ಗೊತ್ತು. ಮುಂದೆ ಹೋದಂತೆ ತೂಬರೆ, ಬಾರಿ, ಕಮರ, ಬಿಳಿಜಾಲಿ. ಒಂದು ಎಕರೆಯಷ್ಟು ಜಾಗ ಅಳೆದು ಅವತ್ತೇ ಎಣಿಸಿದೆವು. ನೂರಾ ನಲವತ್ತು ಮೋಟು. ಎಲ್ಲವೂ ಬೆಳೆಯಬಾರದು, ಬೆಳೆದರೆ ಹುಲ್ಲು ಹೋಗುತ್ತದೆ. ಹತ್ತು ಹದಿನೈದು ಎದ್ದರೆ ಸಾಕು. ನರ್ಸರಿಯಿಂದ ಒಂದೂ ಸಸಿ ತರಬೇಕಾಗಿಲ್ಲ.

ನಮ್ಮ ಕಡೆ ಮರ ಅನ್ನುವ ಮಾತು ಕಡಿಮೆ. ನೂರು ವರ್ಷದ ಬೇವಿಗೂ ಬೇವಿನ ಗಿಡ ಅಂತಲೇ ಅನ್ನುವುದು. ಗೇಣುದ್ದದ ಸಸಿಯೂ ಗಿಡ, ಆಕಾಶಕ್ಕೆ ಹೋದದ್ದೂ ಗಿಡ. ಕಾಕಾ ಆ ಮೋಟುಗಳಿಗೂ ಗಿಡ ಅಂತಲೇ ಅಂದರು. ಅವರ ಕಣ್ಣಿಗೆ ಗೈರಾಣದ ತುಂಬ ಗಿಡಗಳಿದ್ದವು.

ಅದಾದ ಮೇಲೆ ಊರಿನ ಕುರಿಗಾರರನ್ನೆಲ್ಲ ಹನುಮಂತ ದೇವರ ಕಟ್ಟೆಗೆ ಸೇರಿಸಿದೆವು. ಸುಲಭಕ್ಕೆ ಬರಲಿಲ್ಲ. ತಂತಿ ಬೇಲಿ ಹಾಕಿದ ನೆನಪು ಎಲ್ಲರಿಗೂ ಇತ್ತು. ಮೂರು ಸಂಜೆ ಮಾತಾಡಿದ ಮೇಲೆ ಒಂದು ಒಪ್ಪಂದ ಆಯಿತು. ಗೈರಾಣವನ್ನು ಮೂರು ತುಂಡು ಮಾಡುವುದು. ರೋಹಿಣಿ ಮಳೆಯಿಂದ ದಸರಾವರೆಗೆ ಒಂದು ತುಂಡಿಗೆ ಕುರಿ ಬಿಡುವುದಿಲ್ಲ. ಬೇಲಿ ಇಲ್ಲ, ಸುಣ್ಣ ಬಳಿದ ಕಲ್ಲಷ್ಟೇ. ದಸರಾ ಆದ ಮೇಲೆ ಬೆಳೆದ ಹುಲ್ಲನ್ನು ಪಾಲಿನಂತೆ ಕೊಯ್ದುಕೊಳ್ಳುವುದು, ಆಮೇಲೆ ಮೇಯಿಸುವುದು. ಬೆಳೆಸಲು ಆರಿಸಿದ ಪ್ರತಿ ಮೋಟಿನಲ್ಲಿ ಗಟ್ಟಿಯಾದ ಒಂದು ಚಿಗುರು ಬಿಟ್ಟು ಉಳಿದದ್ದು ಸವರಬೇಕು. ಬಿಟ್ಟ ಚಿಗುರಿನ ಸುತ್ತ ಬಳ್ಳಾರಿ ಜಾಲಿಯ ಮುಳ್ಳು ಕಟ್ಟಬೇಕು. ಬಳ್ಳಾರಿ ಜಾಲಿ ಹೆಸರಿಗೆ ಬಳ್ಳಾರಿಯದು, ಬಂದದ್ದು ಅಮೆರಿಕ ಖಂಡದಿಂದ. ಹಳ್ಳದ ಕಡೆಯಿಂದ ಅದು ಗೈರಾಣದ ಕಾಲು ಭಾಗ ನುಂಗಿತ್ತು. ಅದನ್ನು ಕಡಿದು ಇದಕ್ಕೆ ಬೇಲಿ ಮಾಡಿದ್ದರಿಂದ ಎರಡು ಕೆಲಸ ಒಟ್ಟಿಗೆ ಆಯಿತು.

ಗೈರಾಣ ಉಳಿಸಿಕೊಳ್ಳಲು ಕಾನೂನಿನ ಬಲವೂ ಇದೆ. ಕರ್ನಾಟಕ ಭೂಕಂದಾಯ ನಿಯಮ 1966ರ 97ನೇ ನಿಯಮದ ಪ್ರಕಾರ ನೂರು ದನಕ್ಕೆ 12 ಹೆಕ್ಟೇರ್ ಲೆಕ್ಕದಲ್ಲಿ ಊರಿಗೆ ಮೇವಿನ ನೆಲ ಬಿಡಬೇಕು. ಅಂದರೆ 30 ಎಕರೆ. ನಮ್ಮ 40 ಎಕರೆ ಇವತ್ತು ಇರುವ ದನಕ್ಕೇ ಸಾಲದು. ಊರ ಸಾಮೂಹಿಕ ನೆಲ ಒತ್ತುವರಿಯಾಗಿದ್ದರೆ ಬಿಡಿಸಿ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿದೆ. ಕಾರ್ಬನ್ ಕ್ರೆಡಿಟ್ ಮಾರಲು ಬರುವವರ ಮುಂದೆ ನಾವು ಈ ಕಾಗದಗಳನ್ನು ಇಟ್ಟುಕೊಂಡು ಕೂರಬೇಕು. ಕ್ರೆಡಿಟ್ ಯಾರದು, ಎಷ್ಟು ವರ್ಷದ ಕರಾರು, ಅಷ್ಟು ವರ್ಷ ಕುರಿ ಎಲ್ಲಿ ಮೇಯಬೇಕು, ಈ ಮೂರನ್ನು ಕೇಳದೆ ಪಂಚಾಯಿತಿಯವರು ಸಹಿ ಹಾಕಬಾರದು. ಇಡೀ ಊರಿನದ್ದನ್ನು ನಾಲ್ಕು ಜನ ಬರೆದುಕೊಡುವುದು ತಪ್ಪು.

ಸೀತಾಫಲದ ಬಗ್ಗೆ ನಮ್ಮಲ್ಲೇ ಜಗಳವಾಯಿತು. ಬೀದರಿನ ಕೆಂಪು ನೆಲದಲ್ಲಿ ಅದು ತಾನಾಗಿ ಬೆಳೆಯುತ್ತದೆ. ಎಲೆ ಕಹಿ, ಆಡು ಮುಟ್ಟುವುದಿಲ್ಲ. ಒಬ್ಬ ಹುಡುಗ ಅದೂ ಅಮೆರಿಕ ಖಂಡದ್ದೇ, ತೆಗೆಯೋಣ ಅಂದ. ಅವನು ಹೇಳಿದ್ದು ಸರಿ. ಆದರೆ ದಸರಾ, ದೀಪಾವಳಿ ಹೊತ್ತಿಗೆ ನಮ್ಮೂರಿನ ಎಷ್ಟೋ ಹೆಣ್ಣುಮಕ್ಕಳು ಬುಟ್ಟಿ ತುಂಬಿ ಹೆದ್ದಾರಿಗೆ ಒಯ್ದು ಮಾರುತ್ತಾರೆ. ಆ ದುಡ್ಡು ನೇರ ಅವರ ಕೈಗೇ ಬರುತ್ತದೆ. ಮೈಮೇಲೆ ಬಂದು ಹುಲ್ಲು ನುಂಗುವ ಜಾತಿಯಲ್ಲ ಅದು. ಇರಲಿ ಬಿಡಿ ಅಂದೆ. ಈಗಲೂ ಹಾಗೇ ಅನ್ನುತ್ತೇನೆ.

ಬನ್ನಿಗೆ ಮಾತ್ರ ಹೊಸದಾಗಿ ಬೀಜ ಹಾಕಿದೆವು, ಅದೂ ಹೊಲದ ಬದುವಿನಲ್ಲಿ. ಎಳ್ಳಮಾಸಿಗೆ ನಾವೆಲ್ಲ ಹೊಲದಲ್ಲಿ ಪಾಂಡವರ ಪೂಜೆ ಮಾಡಿ ಭಜ್ಜಿ, ಅಂಬಲಿ ಉಣ್ಣುವುದು ಒಂದು ಹಳೇ ಬನ್ನಿಯ ಕೆಳಗೆ. ಅದರ ಸುತ್ತ ತೊಗರಿ ಯಾವತ್ತೂ ಸೊರಗಿದ್ದಿಲ್ಲ. ಎಲೆ ಸಣ್ಣದು, ನೆರಳು ತೆಳು. ಬೇರು ನೇರ ಆಳಕ್ಕೆ ಹೋಗುತ್ತದೆ, ಬೆಳೆಯ ನೀರಿಗೆ ಕೈ ಹಾಕುವುದಿಲ್ಲ. ಮೊದಲ ಕೆಲವು ವರ್ಷ ಮೇಲೆ ಬೆಳೆಯುವುದೇ ಇಲ್ಲ, ಕೆಳಗೆ ಬೇರು ಇಳಿಸುತ್ತಾ ಇರುತ್ತದೆ. ಇಂಥ ಗಿಡಕ್ಕೆ ಮೂರು ವರ್ಷದ ಯೋಜನೆಯ ವರದಿಯಲ್ಲಿ ಒಳ್ಳೆಯ ಅಂಕ ಸಿಗುವುದು ಕಷ್ಟ.

ಗೈರಾಣಕ್ಕೆ ಕರಿಜಾಲಿಯನ್ನು ನಾವು ಹಚ್ಚುತ್ತಿಲ್ಲ. ಆ ಕೆಲಸ ಕುರಿಗಳದ್ದು. ಬೇಸಿಗೆಯಲ್ಲಿ ಜಾಲಿಕಾಯಿ ತಿನ್ನುತ್ತವೆ. ಬೀಜ ಹಿಕ್ಕೆಯ ಜೊತೆ ಬೀಳುತ್ತದೆ. ಕುರಿಯ ಹೊಟ್ಟೆಯಲ್ಲಿ ಹಾದು ಬಂದ ಬೀಜದ ಗಟ್ಟಿ ಸಿಪ್ಪೆ ಮೆತ್ತಗಾಗಿ ಬೇಗ ಮೊಳೆಯುತ್ತದೆ. ಹಿಂದೆ ಮಂದೆ ನಿಲ್ಲಿಸಿದ ಜಾಗಗಳಲ್ಲಿ ಇವತ್ತು ಜಾಲಿ ಗಿಡಗಳಿವೆ ಎಂದು ಕಾಕಾ ಒಂದೊಂದನ್ನೇ ತೋರಿಸಿದರು. ಯಾವುದು ಯಾವ ವರ್ಷದ್ದು ಎಂದೂ ಹೇಳಿದರು. ಗಿಡಕ್ಕೂ ಕುರಿಗೂ ಜಗಳ ಎಂದು ತಂತಿ ಕಟ್ಟಿದ್ದೆನಲ್ಲ, ಆ ನಾನೇ ಹಿಂದೆ ನಿಂತು ಕೇಳಿಸಿಕೊಂಡೆ.

ಒಪ್ಪಂದವಾಗಿ ಈಗ ಒಂದು ಮಳೆಗಾಲ ಪೂರ್ತಿ ಕಳೆದಿದೆ. ಮೊದಲ ತುಂಡಿನಲ್ಲಿ ಬಿಟ್ಟ ಮುತ್ತಲ ಚಿಗುರುಗಳು ಒಂದೇ ಮಳೆಗಾಲದಲ್ಲಿ ನನ್ನ ಎದೆಮಟ್ಟ ಬಂದಿವೆ. 2022ರಲ್ಲಿ ಹಚ್ಚಿ ಬಯಲಿನಲ್ಲಿ ಬದುಕಿದ ಬೇವುಗಳು ಇನ್ನೂ ಮೊಣಕಾಲಿಗಿವೆ. ಎಲ್ಲವೂ ಸರಿಹೋಗಿದೆ ಅಂತಲ್ಲ. ಪಕ್ಕದ ಊರಿನಿಂದ ಬರುವ ಕುರಿ ಹಿಂಡುಗಳಿಗೆ ನಮ್ಮ ಸುಣ್ಣದ ಕಲ್ಲಿನ ಅರ್ಥ ಗೊತ್ತಿಲ್ಲ. ಎರಡು ಸಲ ಒಳಗೆ ಬಂದು ಚಿಗುರು ತಿಂದು ಹೋಗಿವೆ. ಮೇಲಿನ ಅಂಚಿನಲ್ಲಿ ಯಾರೋ ಮುರುಮು ತೋಡಿ ಟ್ರ್ಯಾಕ್ಟರಿನಲ್ಲಿ ಸಾಗಿಸಿದ್ದಾರೆ. ಅದಕ್ಕೆ ಅರ್ಜಿ ಬರೆದು ಕೊಟ್ಟಿದ್ದೇವೆ.

ಹೋದ ವಾರ ಕಂಪನಿಯ ಕಡೆಯವರು ಫೋನ್ ಮಾಡಿ, ಈ ಸಲ ಎಷ್ಟು ತಗ್ಗು ತೋಡಿಸುತ್ತೀರಿ ಎಂದು ಕೇಳಿದರು. ತಗ್ಗು ಬೇಡ, ಮುಳ್ಳು ಕಡಿಯುವವರಿಗೆ ಕೂಲಿ ಕೊಡಿ, ನಾಲ್ಕು ಒಳ್ಳೆಯ ಗರಗಸ ಕೊಡಿ, ಮಳೆಗಾಲದ ನಾಲ್ಕು ತಿಂಗಳು ಕಾಯುವ ಒಬ್ಬರಿಗೆ ಸಂಬಳ ಕೊಡಿ ಅಂದೆ. ಫೋಟೋದಲ್ಲಿ ಏನು ತೋರಿಸುವುದು ಅಂದರು. ಬಂದು ನೋಡಿ, ತೋರಿಸುತ್ತೇನೆ ಅಂದೆ. ಬರುತ್ತೇವೆ ಅಂದಿದ್ದಾರೆ.

ಈ ಭಾನುವಾರ ಎರಡನೇ ತುಂಡಿನ ಮೋಟು ಸವರುವ ಕೆಲಸ ಇದೆ. ಕಾಕಾನಿಗೆ ಮೊಣಕಾಲು ನೋವು, ದಿಬ್ಬ ಹತ್ತುವುದು ಕಷ್ಟವಾಗಿದೆ. ಗಾಡಿಯಲ್ಲಿ ಹಿಂದೆ ಕೂರಿಸಿಕೊಂಡು ಹೋಗಬೇಕು. ಯಾವ ಚಿಗುರು ಬಿಡಬೇಕು, ಯಾವುದು ಸವರಬೇಕು ಎನ್ನುವುದು ನಮಗೆ ಇನ್ನೂ ಪೂರ್ತಿ ಕಲಿತಾಗಿಲ್ಲ.